ಅಮ್ಮೆರ್ ಎಂದರೆ ಅಮ್ಮ ಅಲ್ಲ

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲಾ ಪುಟಗಳಲ್ಲಿ ಪೋಕ್ಸೋ ಪ್ರಕರಣ, ಅಂದರೆ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣ, ಸಾಮಾನ್ಯವಾಗಿ ಎರಡು ಸಲ ಸುದ್ದಿಯಾಗುತ್ತದೆ. ಆರೋಪಿಯನ್ನು ಹಿಡಿದ ದಿನ ಒಮ್ಮೆ, ತೀರ್ಪು ಬಂದ ದಿನ ಇನ್ನೊಮ್ಮೆ. ಆ ಮಗು ಮೂವತ್ತರ ಹೆಂಗಸೋ ಗಂಡಸೋ ಆಗಿ, ಕುಂಬಳೆ ಪೇಟೆಯಲ್ಲಿ ಬಸ್ಸಿನಿಂದ ಇಳಿದು, ತಾನು ಯಾವಾಗ ಬಸ್ಸು ಹತ್ತಿದ್ದು, ಯಾಕೆ ಬಂದದ್ದು ಎಂದು ತಿಳಿಯದೆ ನಿಂತರೆ ಅದು ಸುದ್ದಿಯಲ್ಲ, ಆಗಬೇಕೆಂದೂ ಇಲ್ಲ. ಆದರೆ ಆ ಸ್ಥಿತಿಗೆ ಒಂದು ಹೆಸರು ಉಂಟು, ಚಿಕಿತ್ಸೆಯೂ ಉಂಟು. ಕಾಸರಗೋಡಿನಂಥ ಜಾಗದಲ್ಲಿ ಆ ಚಿಕಿತ್ಸೆ ಎಡವುವುದು ಔಷಧಿಯಲ್ಲಿ ಅಲ್ಲ, ಭಾಷೆಯಲ್ಲಿ. ಅದನ್ನು ಹೇಳಲು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕ್ಷಮಿಸಬೇಕು.

ಹೆಸರು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್. ಆಸ್ಪತ್ರೆಯವರು ಡಿಐಡಿ ಎನ್ನುತ್ತಾರೆ. 1994ರವರೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದು ‘ಮಲ್ಟಿಪಲ್ ಪರ್ಸನಾಲಿಟಿ’ ಆಗಿತ್ತು. ಹೆಸರು ಬದಲಾದದ್ದಕ್ಕೆ ಕಾರಣ ಇಷ್ಟೇ: ಒಂದು ಮೈಯೊಳಗೆ ಹಲವು ಜನ ಬಂದು ಸೇರಿಕೊಂಡದ್ದಲ್ಲ ಇದು, ಕೂಡಿ ಒಂದಾಗಬೇಕಾದದ್ದು ಕೂಡದೆ ಉಳಿದದ್ದು. ಹುಟ್ಟಿದ ಮಗುವಿನಲ್ಲಿ ‘ನಾನು’ ಎಂಬುದು ಸಿದ್ಧವಾಗಿ ಇರುವುದಿಲ್ಲ. ಹಸಿದಾಗಿನ ನಾನು, ಸಿಟ್ಟಿನ ನಾನು, ಹೆದರಿದ ನಾನು ಎಲ್ಲ ಬೇರೆ ಬೇರೆ. ಎತ್ತಿಕೊಂಡು ಸಮಾಧಾನ ಮಾಡುವವರ ಸೊಂಟದ ಮೇಲೆ ಆರೇಳು ವರ್ಷಗಳಲ್ಲಿ ಅವು ನಿಧಾನಕ್ಕೆ ಒಂದರೊಳಗೊಂದು ಸೇರುತ್ತವೆ. ಎತ್ತಿಕೊಳ್ಳುವ ಕೈಯೇ ಹಿಂಸೆ ಕೊಡುವ ಕೈಯೂ ಆಗಿ, ಅದು ಮತ್ತೆ ಮತ್ತೆ ನಡೆದರೆ, ಮಗು ಓಡುವುದೆಲ್ಲಿಗೆ? ಬೆಳಿಗ್ಗೆ ಅದೇ ಕೈ ಬಡಿಸಿದ ಗಂಜಿ ಉಣ್ಣಬೇಕು, ಉಂಡು ಶಾಲೆಗೆ ಹೋಗಬೇಕು. ಅದಕ್ಕೆ ರಾತ್ರಿ ನಡೆದದ್ದು ಗೊತ್ತೇ ಇಲ್ಲದ ಒಂದು ‘ನಾನು’ ಬೇಕು. ರಾತ್ರಿಯದ್ದನ್ನು ಹೊತ್ತುಕೊಳ್ಳುವ ‘ನಾನು’ ಇನ್ನೊಂದು. ನಡುವೆ ಮರೆವಿನ ಗೋಡೆ. ಆ ವಯಸ್ಸಿಗೆ ಅದು ಕಾಯಿಲೆಯಲ್ಲ, ಬದುಕಿ ಉಳಿಯುವ ಉಪಾಯ. ಅಪಾಯ ಮುಗಿದ ಮೇಲೂ ಗೋಡೆ ಉಳಿದಾಗ ಕಾಯಿಲೆಯಾಗುತ್ತದೆ.

ಹಿಂಸೆ ಅನುಭವಿಸಿದ ಮಕ್ಕಳೆಲ್ಲರಿಗೂ ಇದು ಬರುವುದಿಲ್ಲ. ಆದರೆ ಅಮೆರಿಕ, ಕೆನಡಾ, ಯುರೋಪಿನಲ್ಲಿ ಡಿಐಡಿ ಇದೆಯೆಂದು ಗೊತ್ತಾದವರಲ್ಲಿ ಸುಮಾರು 90 ಶೇಕಡಾ ಮಂದಿಯ ಬಾಲ್ಯದಲ್ಲಿ ದೌರ್ಜನ್ಯವೋ ನಿರ್ಲಕ್ಷ್ಯವೋ ಇತ್ತೆಂದು 2013ರ ಅದೇ ಕೈಪಿಡಿ ಹೇಳುತ್ತದೆ. ಗಂಡುಮಕ್ಕಳೂ ಇದರಲ್ಲಿ ಸೇರಿದ್ದಾರೆ. ಅವರ ವಿಷಯ ಮನೆಯವರು ಇನ್ನೂ ಆಳದಲ್ಲಿ ಹೂಳುತ್ತಾರೆ.

ಸಿನಿಮಾದಲ್ಲಿ ತೋರಿಸುವ ಹಾಗೆ ಕಣ್ಣು ಕೆಂಪಾಗಿ ಸ್ವರ ಬದಲಾಗುವುದು ಅಪರೂಪ. ಒಳಗೆ ಬದಲಾದದ್ದು ಎದುರಿಗೆ ಕೂತವರಿಗೆ ಹೆಚ್ಚಾಗಿ ತಿಳಿಯುವುದೇ ಇಲ್ಲ, ಮರೆಮಾಡುವುದೇ ಇದರ ಕೆಲಸವಲ್ಲವೇ. ನೋಡಬೇಕಾದದ್ದು ಸಣ್ಣ ಸಣ್ಣ ಸಂಗತಿಗಳನ್ನು. ನಡುವಿನ ಗಂಟೆಗಳು, ಕೆಲವೊಮ್ಮೆ ದಿನಗಳು ಲೆಕ್ಕಕ್ಕೆ ಸಿಗುವುದಿಲ್ಲ. ಬೀರುವಿನಲ್ಲಿ ತಾನು ಕೊಂಡ ನೆನಪೇ ಇಲ್ಲದ ಬಟ್ಟೆ ಇರುತ್ತದೆ. ಒಂದೇ ಪುಸ್ತಕದಲ್ಲಿ ಎರಡು ಮೂರು ಬಗೆಯ ಅಕ್ಷರ. ನಿನ್ನೆ ಸ್ಕೂಟರ್ ಓಡಿಸಿದವರಿಗೆ ಇವತ್ತು ಬ್ರೇಕ್ ಎಲ್ಲಿ ಎಂದೇ ಹೊಳೆಯುವುದಿಲ್ಲ. ಪರಿಚಯವಿಲ್ಲದವರು ಬಂದು ಆತ್ಮೀಯವಾಗಿ ಮಾತಾಡಿಸುತ್ತಾರೆ. ತಲೆಯೊಳಗೆ ಮಾತು ಕೇಳಿಸುತ್ತದೆ, ಅದರಲ್ಲಿ ಮಗುವಿನ ಅಳುವೂ ಇರುತ್ತದೆ. ಫಿಟ್ಸ್ ಬಂದ ಹಾಗೆ ಬಿದ್ದರೂ ಮಿದುಳಿನ ಪರೀಕ್ಷೆ ಇಇಜಿ ಸರಿಯಾಗಿಯೇ ಬರುತ್ತದೆ.

ಇಂಥ ಲಕ್ಷಣ ಕಂಡಾಗ ನಮ್ಮ ಕಡೆ ಮೊದಲು ಹೋಗುವುದು ಜೋಯಿಸರಲ್ಲಿ ಪ್ರಶ್ನೆ ಇಡಿಸಲು. ಸೋಂಕು, ಬಾಧೆ, ಕುಲೆ (ಪ್ರೇತ) ಎನ್ನುತ್ತಾರೆ, ನೂಲು ಕಟ್ಟಿಸುತ್ತಾರೆ. ನಂಬಿಕೆಯನ್ನು ಹೀಯಾಳಿಸಲು ನಾವು ಕೂತಿಲ್ಲ. ಭೂತಕೋಲದಲ್ಲಿ ದರ್ಶನ ಬರುವ ಪಾತ್ರಿಗೆ ಕಾಯಿಲೆ ಇದೆ ಎಂದು ಯಾವ ಡಾಕ್ಟರೂ ಹೇಳಬಾರದು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೇ ಹೇಳುತ್ತದೆ: ಊರು ಒಪ್ಪಿದ ಆಚರಣೆಯ ಭಾಗವಾಗಿ ಬರುವ ಆವೇಶ ರೋಗವಲ್ಲ. ಪಾತ್ರಿಗೆ ದರ್ಶನ ಬರುವುದು ಕಟ್ಟಳೆಯ ದಿನ, ಕಟ್ಟಳೆಯ ಹೊತ್ತಿನಲ್ಲಿ, ದೈವದ ಕೊಡಿಯಡಿಯಲ್ಲಿ. ಮಾರನೆಯ ದಿನ ಅವನು ತೋಟಕ್ಕೆ ನೀರು ಬಿಡಲು ಹೋಗುತ್ತಾನೆ. ಡಿಐಡಿಯಲ್ಲಿ ಹಾಗಲ್ಲ. ಕರೆಯದೆ ಬರುತ್ತದೆ, ಅಡುಗೆಮನೆಯಲ್ಲಿ ಬರುತ್ತದೆ, ಕೆಲಸ ಕೆಡಿಸುತ್ತದೆ, ಅನುಭವಿಸುವವರಿಗೆ ಸಂಕಟ ಕೊಡುತ್ತದೆ. ಆದರೆ ಮನೆಯವರು ಮೈಮೇಲೆ ಬಂದದ್ದೆಂದು ತಿಳಿದು ಬೆತ್ತ ಹಿಡಿದರೆ, ಮೆಣಸಿನ ಹೊಗೆ ಹಾಕಿದರೆ, ಕೂದಲು ಹಿಡಿದು ‘ಯಾರು ನೀನು’ ಎಂದು ಕೇಳಿದರೆ, ಆ ವಯಸ್ಸಿನಲ್ಲೇ ಒಳಗೆ ನಿಂತುಬಿಟ್ಟ ಐದು ವರ್ಷದ ಮಗುವಿಗೆ ಹಳೆಯ ಹಿಂಸೆಯೇ ಮತ್ತೆ ಶುರುವಾಯಿತು. ಗೋಡೆ ಇನ್ನಷ್ಟು ದಪ್ಪವಾಗುತ್ತದೆ.

ಡಾಕ್ಟರ ಬಳಿ ಬಂದರೂ ದಾರಿ ನೇರವಲ್ಲ. ಹೊರದೇಶಗಳಲ್ಲೇ ಸರಿಯಾದ ಹೆಸರು ಸಿಗುವ ಮೊದಲು 5ರಿಂದ 12 ವರ್ಷ ಬೇರೆ ಬೇರೆ ಚಿಕಿತ್ಸೆಯಲ್ಲಿ ಕಳೆಯುವವರು ಉಂಟು. ಮಾತು ಕೇಳಿಸುತ್ತದೆ ಎಂದ ಕೂಡಲೇ ಸ್ಕಿಜೋಫ್ರೇನಿಯಾ ಎಂದು ಬರೆದುಬಿಡುವುದು ಮಾಮೂಲಿ ತಪ್ಪು. ಕೇಳಬೇಕಾದ ಪ್ರಶ್ನೆಗಳು ಸರಳ: ಮಾತು ತಲೆಯ ಒಳಗಿನಿಂದಲೋ ಹೊರಗಿನಿಂದಲೋ? ಚಿಕ್ಕಂದಿನಿಂದಲೇ ಇತ್ತೇ? ಆ ದನಿಗಳಿಗೆ ವಯಸ್ಸು, ಹೆಸರು ಉಂಟೇ? ಇವರು ಕೇಳಿದ್ದಕ್ಕೆ ಅವು ಉತ್ತರ ಕೊಡುತ್ತವೆಯೇ? ಮರೆವು ಎಷ್ಟು? ಅದರ ಜೊತೆಗೆ ತಲೆಗೆ ಬಿದ್ದ ಪೆಟ್ಟು, ಅಪಸ್ಮಾರ, ಥೈರಾಯ್ಡ್, ಕುಡಿತ, ನಿದ್ರೆ ಮಾತ್ರೆ ಯಾವುದೂ ಕಾರಣವಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು.

28 ಪ್ರಶ್ನೆಗಳ ಒಂದು ಪಟ್ಟಿಯೂ ಇದೆ, 1986ರಿಂದ ಬಳಕೆಯಲ್ಲಿದೆ, ಡಿಇಎಸ್ ಎಂದು ಹೆಸರು. ನೂರರಲ್ಲಿ ಸರಾಸರಿ 30 ಅಂಕ ದಾಟಿದರೆ ವಿವರವಾಗಿ ಮಾತಾಡಿಸಿ ನೋಡಬೇಕು ಎಂದು ಅರ್ಥ, ರೋಗ ಖಚಿತವೆಂದು ಅರ್ಥವಲ್ಲ. ಅದರಲ್ಲಿ ‘ಕತೆಯೊಳಗೆ ಮುಳುಗಿ ಸುತ್ತಲಿನದ್ದು ಮರೆಯುತ್ತೀರಾ’ ಎಂಬ ಬಗೆಯ ಪ್ರಶ್ನೆಗಳೂ ಇವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಲ್ಲಿ ಬೆಳಗಿನವರೆಗೆ ಆಟ ನೋಡುವವರು ಅದಕ್ಕೆ ಹೌದು ಎನ್ನದೆ ಇನ್ನೇನು ಹೇಳಿಯಾರು! ಮುಳುಗುವುದು ಬೇರೆ, ಕಳೆದುಹೋಗುವುದು ಬೇರೆ. ವೇಷಧಾರಿ ಚೌಕಿಗೆ ಬಂದು ಬಣ್ಣ ತೆಗೆಯುವಾಗ ತಾನು ಕುಣಿದದ್ದು ಅವನಿಗೆ ನೆನಪಿರುತ್ತದೆ. ಡಿಐಡಿ ಇರುವವರಿಗೆ ಮುಖದಲ್ಲಿ ಬಣ್ಣದ ಕಲೆ ಮಾತ್ರ ಉಳಿದಿರುತ್ತದೆ, ಯಾರು ಹಚ್ಚಿದ್ದೆಂದು ತಿಳಿದಿರುವುದಿಲ್ಲ.

ಈಗ ಭಾಷೆಯ ವಿಷಯ. ಏಳು ಭಾಷೆಗಳ ಸಂಗಮಭೂಮಿ ಎಂದು ವೇದಿಕೆಯಲ್ಲಿ ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತೇವೆ. ಆದರೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂದು ಬೆಳೆದ ಒಬ್ಬಳ ಒಳಗಿನ ಭಾಗಗಳೂ, ಅಂದರೆ ಬೇರೆ ಬೇರೆ ‘ನಾನು’ಗಳೂ, ಆಯಾ ಭಾಷೆಯಲ್ಲೇ ನಿಂತಿರಬಹುದು. ಕಚೇರಿಗೆ ಹೋಗುವ ಭಾಗ ಚಂದದ ಮಲಯಾಳದಲ್ಲಿ ‘ಏನೂ ತೊಂದರೆಯಿಲ್ಲ’ ಎನ್ನುತ್ತದೆ. ಹೆದರಿ ಮೂಲೆಯಲ್ಲಿ ಕೂತ ಐದು ವರ್ಷದ ಭಾಗಕ್ಕೆ ತುಳು ಬಿಟ್ಟರೆ ಬೇರೆ ಮಾತು ಗೊತ್ತಿಲ್ಲ. ಅದಕ್ಕೆ ಹೆದರಬೇಡ ಎಂದು ಮಲಯಾಳದಲ್ಲಿ ‘ಪೇಡಿಕ್ಕೇಂಡ’ ಎಂದರೆ ತಲುಪುವುದಿಲ್ಲ, ತುಳುವಿನಲ್ಲಿ ‘ಪೋಡಿಯೊಡ್ಚಿ’ ಎಂದರೆ ತಲುಪುತ್ತದೆ. ಹವ್ಯಕರ ಮನೆಯಲ್ಲಿ ಬೆಳೆದದ್ದಾದರೆ ‘ಹೆದರೆಡ’ ಬೇಕು. ಯಾವ ಭಾಷೆಯಲ್ಲಿ ನಡೆಯಿತೋ ಆ ಭಾಷೆಯಲ್ಲೇ ನೆನಪು ಹಸಿಯಾಗಿರುತ್ತದೆ. ಕಲಿತ ಭಾಷೆಯಲ್ಲಿ ಅದೇ ಘಟನೆ ಯಾರದೋ ಕತೆಯ ಹಾಗೆ ಒಣಗಿ ಬರುತ್ತದೆ. ಒಣಗಿ ಬಂದದ್ದನ್ನು ಕೇಳಿದ ಸಮಾಲೋಚಕರು ಗುಣವಾಯಿತು ಎಂದು ಫೈಲು ಮುಚ್ಚುವ ಅಪಾಯ ಉಂಟು.

ಮಾತೃಭಾಷೆಯೇ ಯಾವಾಗಲೂ ಸರಿ ಎಂದೂ ಅಲ್ಲ. ಹಿಂಸೆ ಕೊಟ್ಟವನ ಭಾಷೆಯೂ ಅದೇ ಆಗಿದ್ದರೆ ಒಂದು ಶಬ್ದವೇ ಸಾಕು ಆ ಕೋಣೆಗೆ ಎಳೆದೊಯ್ಯಲು. ಅಂಥವರಿಗೆ ಮಲಯಾಳವೋ ಇಂಗ್ಲಿಷೋ ಸುರಕ್ಷಿತ ಅಂತರ ಕೊಡುತ್ತದೆ. ಹಾಗಾಗಿ ಊಹಿಸಬಾರದು, ಪ್ರತಿ ಸಲ ಕೇಳಬೇಕು: ಇವತ್ತು ಯಾವ ಭಾಷೆಯಲ್ಲಿ ಮಾತಾಡುವ?

ದುಭಾಷಿ ಬೇಕಾದರೆ ಮನೆಯವರನ್ನು ಕೂರಿಸಬಾರದು. ನಮ್ಮಲ್ಲಿ ಅತ್ತೆಯೋ ಚಿಕ್ಕಪ್ಪನೋ ‘ನಾನು ಹೇಳ್ತೇನೆ ಡಾಕ್ಟ್ರೇ’ ಎಂದು ಕುರ್ಚಿ ಎಳೆಯುವುದೇ ಹೆಚ್ಚು, ಹಿಂಸೆ ಕೊಟ್ಟವನು ಅವರಲ್ಲೇ ಒಬ್ಬನಾಗಿರಬಹುದು. ಅದೇ ಪಂಚಾಯತ್ ವಾರ್ಡಿನವರೂ ಬೇಡ. ಪ್ರತಿ ಸಲ ಒಬ್ಬರೇ ಬರಬೇಕು, ನಡುವೆ ಕೂರದೆ ಸ್ವಲ್ಪ ಬದಿಗೆ ಕೂರಬೇಕು, ‘ಅವಳು ಹೇಳುತ್ತಾಳೆ’ ಎನ್ನದೆ ‘ನಾನು’ ಎಂದೇ ಅನುವಾದಿಸಬೇಕು. ತುಂಡು ಮಾತನ್ನು ಪೂರ್ತಿ ವಾಕ್ಯ ಮಾಡಬಾರದು, ಒರಟು ಶಬ್ದವನ್ನು ನಯ ಮಾಡಬಾರದು. ಭಾಷೆ ಬದಲಾದ ಕೂಡಲೇ ‘ಈಗ ತುಳುವಿನಲ್ಲಿ, ಸಣ್ಣ ಮಗುವಿನ ಹಾಗೆ ಹೇಳಿದರು’ ಎಂದು ತಿಳಿಸಬೇಕು, ಅದೇ ಮುಖ್ಯ ಸುಳಿವು. ಮೊದಲು ಹತ್ತು ನಿಮಿಷ ಅವರಿಗೆ ವಿಷಯ ವಿವರಿಸಿರಬೇಕು. ದುಭಾಷಿ ಇದ್ದರೆ 45 ನಿಮಿಷದ ಭೇಟಿಯಲ್ಲಿ ಅರ್ಧ ಸಮಯ ಅನುವಾದಕ್ಕೇ ಹೋಗುತ್ತದೆ, 90 ನಿಮಿಷ ಇಟ್ಟುಕೊಳ್ಳಬೇಕು.

ಅನುವಾದ ತಪ್ಪಿದರೆ ಏನಾಗುತ್ತದೆ ಎನ್ನುವವರಿಗೆ ಒಂದೇ ಶಬ್ದ ಸಾಕು. ತುಳುವಿನಲ್ಲಿ ‘ಅಮ್ಮೆರ್’ ಎಂದರೆ ಅಪ್ಪ, ‘ಅಪ್ಪೆ’ ಎಂದರೆ ಅಮ್ಮ. ತುಳು ಗೊತ್ತಿಲ್ಲದ ಕಿವಿಗೆ ಎರಡೂ ತಿರುಗಾಮುರುಗ. ಮಗುವಿನ ಹೇಳಿಕೆಯಲ್ಲಿ ಈ ಒಂದು ಶಬ್ದ ತಪ್ಪಿ ಬರೆಯಲ್ಪಟ್ಟರೆ ಯಾರನ್ನು ಹಿಡಿಯುತ್ತಾರೆ, ಮಗುವನ್ನು ಯಾರ ಜೊತೆ ಮನೆಗೆ ಕಳಿಸುತ್ತಾರೆ ಎಂದು ಓದುಗರೇ ಯೋಚಿಸಲಿ. ಹವ್ಯಕ ಮಗು ‘ಅಪ್ಪಚ್ಚಿ’ ಎಂದರೆ ಚಿಕ್ಕಪ್ಪ. ಅದರ ಮೊದಲೆರಡು ಅಕ್ಷರ ಕೇಳಿ ಅಪ್ಪ ಎಂದು ಬರೆದವರನ್ನು ದೂರಿ ಏನು ಪ್ರಯೋಜನ, ಅವರ ಪಕ್ಕದಲ್ಲಿ ಭಾಷೆ ಬಲ್ಲವರನ್ನು ಕೂರಿಸಬೇಕಿತ್ತು.

ಕಾನೂನು ಇದನ್ನು ಹೇಳದೆ ಬಿಟ್ಟಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ನಿನ ನಾಲ್ಕನೇ ಉಪವಿಧಿಯ ಪ್ರಕಾರ, ದಾಖಲಾಗುತ್ತಿರುವ ಭಾಷೆ ಮಗುವಿಗೆ ತಿಳಿಯದಿದ್ದರೆ ಅನುವಾದಕರನ್ನೋ ದುಭಾಷಿಯನ್ನೋ ಒದಗಿಸಬೇಕು. 26ನೇ ಸೆಕ್ಷನ್ ಪೊಲೀಸ್ ಮತ್ತು ಮ್ಯಾಜಿಸ್ಟ್ರೇಟರ ಹೇಳಿಕೆಗೆ, 38ನೇ ಸೆಕ್ಷನ್ ಕೋರ್ಟಿನ ಸಾಕ್ಷ್ಯಕ್ಕೆ ಇದೇ ಸೌಲಭ್ಯ ಹೇಳುತ್ತವೆ. 2020ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ದುಭಾಷಿಗಳ ಹೆಸರಿನ ರಿಜಿಸ್ಟರ್ ಇಟ್ಟಿರಬೇಕು. ದುಭಾಷಿ ಪಕ್ಷಪಾತಿಯಾಗಿರಬಾರದು, ಪ್ರಕರಣದ ಯಾವುದೇ ಕಡೆಯವರ ಜೊತೆ ಸಂಬಂಧ ಇದ್ದರೆ ಮೊದಲೇ ಹೇಳಬೇಕು. ದೊಡ್ಡವರ ಮಟ್ಟಿಗೆ, ತನ್ನ ಕಾಯಿಲೆ ಮತ್ತು ಚಿಕಿತ್ಸೆಯ ವಿವರವನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯ 22ನೇ ಸೆಕ್ಷನ್ ಕೊಡುತ್ತದೆ.

ಚಿಕಿತ್ಸೆಯ ಬಗ್ಗೆ ಎರಡು ಮಾತು. ಡಿಐಡಿಗೆಂದೇ ಮಾತ್ರೆ ಇಲ್ಲ. ಖಿನ್ನತೆಗೆ, ನಿದ್ರೆಗೆ, ದುಃಸ್ವಪ್ನಕ್ಕೆ ಕೊಡುತ್ತಾರೆ, ಅದನ್ನು ತಟ್ಟನೆ ನಿಲ್ಲಿಸಬಾರದು. ಮುಖ್ಯ ಚಿಕಿತ್ಸೆ ಮಾತು, ವಾರಕ್ಕೊಮ್ಮೆ, ವರ್ಷಗಟ್ಟಲೆ. ಮೂರು ಹಂತ: ಮೊದಲು ಸುರಕ್ಷತೆ ಮತ್ತು ದಿನಚರಿ, ಆಮೇಲೆ ನೆನಪು, ಕೊನೆಗೆ ಭಾಗಗಳ ಹೊಂದಾಣಿಕೆ ಅಥವಾ ಒಂದಾಗುವುದು. ಮೊದಲ ಹಂತವೇ ಅತಿ ಉದ್ದ. ಅದನ್ನು ಹಾರಿ ಎರಡನೆಯದಕ್ಕೆ ಕೈಹಾಕಿದರೆ ಮನೆಗೆ ಮುಟ್ಟುವ ಮೊದಲೇ ಕೈ ಕೊಯ್ದುಕೊಳ್ಳುವವರು ಉಂಟು. ಸಂಮೋಹನ ಮಾಡಿ ಹಳೆಯದ್ದನ್ನು ಅಗೆದು ತೆಗೆಯುತ್ತೇವೆ ಎನ್ನುವವರ ಬಳಿ ಹೋಗಲೇಬಾರದು. ಆಗದೇ ಇದ್ದದ್ದೂ ನೆನಪಿನ ರೂಪದಲ್ಲಿ ಹುಟ್ಟಿಕೊಳ್ಳಬಹುದು, ಆಮೇಲೆ ಆದದ್ದನ್ನೂ ಕೋರ್ಟು ನಂಬುವುದಿಲ್ಲ. ಒಂದು ಭೇಟಿಯನ್ನು ಮೂರು ಪಾಲು ಮಾಡಿ ಮೊದಲ ಪಾಲು ವಾರದ ವಿಚಾರಕ್ಕೆ, ನಡುವಿನದ್ದು ಕಷ್ಟದ ಮಾತಿಗೆ, ಕೊನೆಯದ್ದು ಪೂರ್ತಿ ಇವತ್ತಿನ ದಿನಕ್ಕೆ ಮರಳಲು ಇಡುವುದು ಒಳ್ಳೆಯ ಪದ್ಧತಿ. ಬೈಯುವ, ಕೆಡಿಸುವ ಭಾಗವನ್ನು ಓಡಿಸಲು ಹೋಗಬಾರದು. ಹಿಂಸೆ ಕೊಟ್ಟವನ ದನಿಯಲ್ಲಿ ಮಾತಾಡುವ ಆ ಭಾಗ ಹೆಚ್ಚಾಗಿ ಮನೆಯ ಕಾವಲುಗಾರ: ‘ಬಾಯಿ ಬಿಟ್ಟರೆ ಕೊಲ್ಲುತ್ತಾರೆ’ ಎಂದು ಅವತ್ತು ಕಲಿತದ್ದನ್ನು ಇವತ್ತೂ ಪಾಲಿಸುತ್ತಿದೆ. ಹಾಗೆಂದು ಯಾವ ಭಾಗ ಮಾಡಿದರೂ ಜವಾಬ್ದಾರಿ ಇಡೀ ವ್ಯಕ್ತಿಯದ್ದೇ, ಅದನ್ನೂ ಮೊದಲ ದಿನವೇ ಹೇಳಿರಬೇಕು.

ದಿನನಿತ್ಯಕ್ಕೆ ಬೇಕಾದದ್ದು 200 ಪುಟದ ಒಂದು ಲಾಂಗ್ ಬುಕ್. ತಾರೀಕು, ಹೊತ್ತು, ಎಲ್ಲಿಗೆ ಹೋದದ್ದು, ಎಷ್ಟು ಹಣ ಖರ್ಚು, ಯಾವ ಮಾತ್ರೆ ತಿಂದದ್ದು, ಇಷ್ಟು ಸಾಕು. ನೋವಿನ ನೆನಪು ಅದರಲ್ಲಿ ಬೇಡ. ಕೆಲವೊಮ್ಮೆ ಒಳಗಿನ ಯಾವುದೋ ಭಾಗ ಹಾಳೆ ಹರಿಯುತ್ತದೆ. ಅದಕ್ಕೆ ಸಿಟ್ಟಾಗದೆ, ‘ಓದಬಾರದ್ದು ಏನಿತ್ತು, ಒಂದು ಗೆರೆ ಬರೆದಿಡು’ ಎಂದು ಮುಂದಿನ ಹಾಳೆಯಲ್ಲಿ ಕೇಳಿದರೆ ಬಹಳ ಸಲ ಉತ್ತರ ಬರುತ್ತದೆ. ದೊಡ್ಡ ಅನಾಹುತ ಮಾತ್ರೆಯದ್ದು. ಒಂದು ಭಾಗ ತಿಂದದ್ದು ಇನ್ನೊಂದಕ್ಕೆ ಗೊತ್ತಿಲ್ಲದೆ ಎರಡು ಸಲ ತಿನ್ನುತ್ತಾರೆ. ಏಳು ಗುಂಡಿಯ ಡಬ್ಬಿಯಲ್ಲಿ ಒಂದು ವಾರದ್ದನ್ನು ಮಾತ್ರ ಇಡಿ, ಉಳಿದದ್ದು ಬೇರೆಯವರ ಬೀಗದಲ್ಲಿರಲಿ. ಡಿಐಡಿ ಇರುವವರಲ್ಲಿ ಆತ್ಮಹತ್ಯೆಯ ಪ್ರಯತ್ನ ತೀರಾ ಹೆಚ್ಚು. ಆದ್ದರಿಂದ ತೋಟದ ಮನೆಯವರು ಕಳೆನಾಶಕ, ಮೈಲುತುತ್ತುಗಳನ್ನು ಜಗಲಿಯ ಮೂಲೆಯಲ್ಲಿ ಇಡುವ ರೂಢಿ ಬಿಡಬೇಕು. ಮಳೆಗಾಲದ ಮೊದಲು ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಸಮಯದಲ್ಲಿ ಇದು ಇನ್ನೂ ಮುಖ್ಯ: ಕೊಟ್ಟಿಗೆಗೆ ಬೀಗ, ಕೀಲಿಕೈ ಮನೆಯ ಹೊರಗಿನವರ ಬಳಿ.

ಎದುರಿಗಿದ್ದವರು ಹಳೆಯ ದಿನಕ್ಕೆ ಜಾರಿದರೆ ಮೈ ಮುಟ್ಟಬೇಡಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ, ದೀಪ ಹಾಕಿ. ಸಣ್ಣ ದನಿಯಲ್ಲಿ ವಾರ, ತಾರೀಕು, ಇಸವಿ, ಊರು, ಅವರ ಈಗಿನ ವಯಸ್ಸು ಹೇಳಿ. ಕಾಣುವ ಐದು ವಸ್ತು, ಮುಟ್ಟುವ ನಾಲ್ಕು, ಕೇಳಿಸುವ ಮೂರು ಶಬ್ದ ಹೆಸರಿಸಲು ಹೇಳಿ. ಕಣ್ಣು ಮುಚ್ಚಿ ಪ್ರಾಣಾಯಾಮ ಮಾಡು ಎನ್ನುವುದು ಇಲ್ಲಿ ಕೆಲಸಕ್ಕೆ ಬಾರದು, ಕಣ್ಣು ಮುಚ್ಚಿದರೆ ಆ ಕೋಣೆಯೇ ಕಾಣುತ್ತದೆ. ಕೈಗೆ ತಣ್ಣೀರು, ಮೂಗಿಗೆ ಕಾಫಿ ಪುಡಿ ಆಗಬಹುದು. ಆದರೆ ಯಾವ ವಾಸನೆ ಆಗದು ಎಂದು ಸಮಾಧಾನವಾಗಿರುವಾಗಲೇ ಕೇಳಿಟ್ಟುಕೊಳ್ಳಿ. ಬೀಡಿ, ಸಾರಾಯಿ ಮಾತ್ರ ಅಲ್ಲ, ತಲೆಗೆ ಹಚ್ಚುವ ಎಣ್ಣೆಯ ವಾಸನೆಯೂ ಕೆಲವರಿಗೆ ಸಾಕು. ಮೊಬೈಲಿನಲ್ಲಿ ವಿಡಿಯೋ ತೆಗೆದು ಕುಟುಂಬದ ವಾಟ್ಸ್ಯಾಪಿಗೆ ಹಾಕುವವರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ.

ಮತ್ತೆ ನಮ್ಮ ಸಮಾರಂಭಗಳು. ಮನೆಯ ತಂಬಿಲ ಪೂಜೆಗೆ, ಮದುವೆಗೆ ಹಿಂಸೆ ಕೊಟ್ಟ ಅದೇ ಹಿರಿಯ ಬರುತ್ತಾನೆ. ‘ಎಲ್ಲ ಹಳೇದಾಯಿತು, ಕಾಲು ಹಿಡಿದು ಆಶೀರ್ವಾದ ತೆಗೆದುಕೋ’ ಎನ್ನುತ್ತಾರೆ. ಅವಳು ಬಗ್ಗಿ ನಮಸ್ಕಾರ ಮಾಡುತ್ತಾಳೆ, ನಗುತ್ತಾಳೆ ಕೂಡ. ಬಗ್ಗಿದವಳು ಯಾರು ಎಂದು ಅವಳಿಗೇ ಗೊತ್ತಿರುವುದಿಲ್ಲ. ಮುಂದಿನ ಮೂರು ವಾರ ಮನೆಯವರಿಗೆ ಕಾರಣ ತಿಳಿಯದ ತಲೆನೋವು, ವಾಂತಿ, ಮರೆವು. ಕರೆಯುವ ಮೊದಲು ಯಾರು ಬರುತ್ತಾರೆ ಎಂದು ಅವಳಿಗೆ ಹೇಳಿ, ಬಾರದಿರಲು ಅವಕಾಶ ಕೊಡಿ.

ಇವತ್ತು ಒಂದು ಮಗು ಹೇಳಿಕೊಂಡರೆ: ಒಮ್ಮೆ ಮಾತ್ರ ಕೇಳಿ, ಅದರ ಶಬ್ದದಲ್ಲೇ ಬರೆದಿಡಿ. ತುಳುವಾದರೆ ಕನ್ನಡ ಲಿಪಿಯಲ್ಲಿ ತುಳುವನ್ನೇ ಬರೆಯಿರಿ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ತಿಳಿಸಲೇಬೇಕು, ಸುಮ್ಮನಿದ್ದರೆ ಆರು ತಿಂಗಳವರೆಗೆ ಜೈಲು ಆಗಬಹುದು. ಬಟ್ಟೆ ಒಗೆಯಬೇಡಿ. 72 ಗಂಟೆಯೊಳಗೆ ಆಸ್ಪತ್ರೆ ಮುಟ್ಟಿದರೆ ಎಚ್‌ಐವಿ ತಡೆಯುವ ಔಷಧಿ ಕೊಡಲು ಆಗುತ್ತದೆ, ಎಫ್‌ಐಆರ್ ಆಗದಿದ್ದರೂ ಪರೀಕ್ಷೆ ಮಾಡಬೇಕು. ಹೆಣ್ಣುಮಗುವಾದರೆ ಮಹಿಳಾ ಡಾಕ್ಟರೇ ಆಗಬೇಕು. ಪೊಲೀಸರು ಸಮವಸ್ತ್ರವಿಲ್ಲದೆ ಮನೆಗೇ ಬಂದು ಹೇಳಿಕೆ ಪಡೆಯಬಹುದು. ಮಕ್ಕಳ ಸಹಾಯವಾಣಿ 1098. ದೊಡ್ಡವರಿಗೆ ಟೆಲಿ ಮಾನಸ್ 14416. ಕರೆ ಹತ್ತಿದ ಕೂಡಲೇ ಕನ್ನಡ ಬೇಕು ಎಂದು ಕೇಳಿ.

ಭಾಷೆಯ ಕಾರಣಕ್ಕೇ ನಮ್ಮ ಕಡೆಯ ಅನೇಕರು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. 2020ರಲ್ಲಿ ಕೊರೋನಾ ಕಾಲಕ್ಕೆ ಗಡಿ ಮುಚ್ಚಿದಾಗ ಆ ದಾರಿಯೇ ನಿಂತದ್ದು ಮರೆಯುವ ಸಂಗತಿಯಲ್ಲ. ಹಾಗಾಗಿ ಚೀಟಿ, ಡಿಸ್ಚಾರ್ಜ್ ಸಮ್ಮರಿಗಳ ಪ್ರತಿ ಮನೆಯಲ್ಲಿರಲಿ. ದಾಖಲೆ ಕೇಳುವ ಹಕ್ಕೂ 2017ರ ಕಾಯ್ದೆಯಲ್ಲಿದೆ.

ಜಿಲ್ಲಾಡಳಿತದಿಂದ ನಾವು ಕೇಳುವುದು ಎರಡೇ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಸರಕಾರಿ ಮಾನಸಿಕ ಆರೋಗ್ಯ ಕ್ಲಿನಿಕ್ಕುಗಳಲ್ಲಿ ವಾರಕ್ಕೆ ಒಂದು ದಿನ ಕನ್ನಡ, ತುಳು ಎರಡೂ ಬಲ್ಲ ಸಮಾಲೋಚಕರು ಕೂರಬೇಕು. ಮಕ್ಕಳ ರಕ್ಷಣಾ ಘಟಕದ ರಿಜಿಸ್ಟರಿನಲ್ಲಿ ಕನ್ನಡ, ತುಳು, ಹವ್ಯಕ, ಕೊಂಕಣಿ, ಮರಾಟಿ, ಬ್ಯಾರಿ ಭಾಷೆಗಳ ದುಭಾಷಿಗಳು ಎಷ್ಟು ಮಂದಿ, ಅವರಲ್ಲಿ ಹೆಂಗಸರೆಷ್ಟು ಎಂದು ಬಹಿರಂಗವಾಗಿ ಹೇಳಬೇಕು. ಹೆಸರು ಬೇಡ, ಲೆಕ್ಕ ಸಾಕು. ಪತ್ರಿಕೆಯವರು ಆ ಲೆಕ್ಕ ಕೇಳಿ ಪ್ರಕಟಿಸಿದರೆ ಉಪಕಾರ.

ಇತಿ,
ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯ ಕೆಲವು ಆಪ್ತಸಮಾಲೋಚಕರು
(ಕೋರಿಕೆಯ ಮೇರೆಗೆ ಹೆಸರು ಪ್ರಕಟಿಸಿಲ್ಲ)